ನೋವನ್ನರಿಯದ ಬಾಲಕ

ಕಾದ ಕಾವಲಿಗೆ ಬೆರಳು ತಗುಲಿದೊಡನೆ ಕೈ ತಾನಾಗಿಯೇ ಹಿಂದೆ ಸರಿಯುವುದು. ಆ ಉರಿಯನ್ನು ಶಪಿಸದವರಾರು? ಉತ್ತರ ಪಾಕಿಸ್ತಾನದಲ್ಲಿ ಹುಟ್ಟಿನಿಂದಲೇ ನೋವನ್ನರಿಯದ ಬಾಲಕನೊಬ್ಬನಿದ್ದನು. ತೋಳಿಗೆ ಚೂರಿ ಚುಚ್ಚಿಕೊಂಡು, ಕೆಂಡದ ಮೇಲೆ ನಡೆದು ಬೀದಿಯ ಜನರನ್ನು ಬೆರಗುಗೊಳಿಸುತ್ತಿದ್ದನು. ಕೊನೆಗೆ ಮನೆಯ ಮಾಡಿನಿಂದ ಧುಮುಕಿ, 14ರ ಪ್ರಾಯದ ಸುಮಾರಿಗೇ ಮಡಿದನು.

ಆತನ ಸೀಮೆಯ ಮೂರು ಕುಟುಂಬಗಳಲ್ಲಿ ಇಂಥವೇ ಮಕ್ಕಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2006ರಲ್ಲಿ ಕಾರಣವನ್ನು ಪ್ರಕಟಿಸಿದರು. ನರದ ಪೊರೆಯಲ್ಲಿ ಅತಿಸೂಕ್ಷ್ಮ ದ್ವಾರಗಳುಂಟು. ಅವು ತೆರೆದಾಗ ಸೋಡಿಯಂ ಅಯಾನುಗಳು ಒಳನುಗ್ಗಿ ವಿದ್ಯುತ್ತಿನ ಅಲೆಯೇಳುವುದು. ಆ ಅಲೆಯೇ ನೋವಿನ ವಾರ್ತೆ. ಈ ಮಕ್ಕಳಲ್ಲಿ 1.7 ಎಂಬ ಅಂಕಿತದ ದ್ವಾರವೊಂದೇ ಕೆಟ್ಟಿತ್ತು. ಅದೇ ದ್ವಾರ ಮಿತಿಮೀರಿ ತೆರೆದರೆ ಕೈಕಾಲು ಉರಿಯುವ ಬೇರೊಂದು ವ್ಯಾಧಿ!

ಹಲ್ಲು ಕೀಳುವಾಗ ಚುಚ್ಚುವ ಲಿಡೊಕೇನ್ ಸೋಡಿಯಂ ದ್ವಾರಗಳೆಲ್ಲವನ್ನೂ ಮುಚ್ಚುವುದು. ಹೃದಯದಲ್ಲಿಯೂ ಅಂಥವಿರುವುದರಿಂದ ಅದನ್ನು ಧಾರಾಳವಾಗಿ ಮೈಗೆ ಹರಿಯಬಿಡುವಂತಿಲ್ಲ. ನೋವಿನ ದ್ವಾರವನ್ನಷ್ಟೇ ಮುಚ್ಚುವ ಗುಳಿಗೆಯ ಹುಡುಕಾಟದಲ್ಲಿ 1.7 ಮಣಿಯಲಿಲ್ಲ, ಅದರ ನೆರೆಯ 1.8ನ್ನು ಮುಚ್ಚುವ ಸುಜೆಟ್ರಿಜಿನ್‌ಗೆ 2025ರ ಜನವರಿಯಲ್ಲಿ ಅಮೆರಿಕದಲ್ಲಿ ಮಂಜೂರಾತಿ ದೊರೆಯಿತು. ಅಫೀಮಿನ ಜಾತಿಯ ಮದ್ದುಗಳಂತೆ ಮೆದುಳಿನಲ್ಲಿ ಕೆಲಸ ಮಾಡದ ಕಾರಣ ಚಟದ ಭಯ ಕಡಿಮೆ. ಆದರೆ ಆ ಮಂಜೂರಾತಿ ಶಸ್ತ್ರಕ್ರಿಯೆಯ ನಂತರದಂಥ ಅಲ್ಪಕಾಲದ ನೋವಿಗೆ ಮಾತ್ರ. ದಿನವಿಡೀ ನಿಂತು ದುಡಿದವರ ಹಳೆಯ ಸೊಂಟನೋವು ಅದರಲ್ಲಿ ಸೇರಿರಲಿಲ್ಲ.