ಬೆಟ್ಟದ ಮಕ್ಕಳಿಗೆ ನಾಚಿಕೆ ಜಾಸ್ತಿಯೆ?

ಬಿಳಿಗಿರಿರಂಗನ ಬೆಟ್ಟಕ್ಕೆ ಬಂದು ಹೋದವರು ಅಲ್ಲಿನ ಆದಿವಾಸಿಗಳಾದ ಸೋಲಿಗರ ಬಗ್ಗೆ ಸಾಮಾನ್ಯವಾಗಿ ಆಡುವ ಮಾತು ಒಂದೇ: ‘ಪಾಪ, ಬಹಳ ನಾಚಿಕೆ ಸ್ವಭಾವದವರು.’ ರೊಟ್ಟಿ ಹಬ್ಬದ ರಾತ್ರಿ ಇದೇ ಜನ ತಮ್ಮ ಹಾಡು ಗೊರುಕನ ಹಾಡಿ ಕುಣಿಯುವುದನ್ನು ಅವರು ನೋಡಿರುವುದಿಲ್ಲ. ಬೆಟ್ಟದ ರಂಗನಾಥ ಸೋಲಿಗರ ಮನೆಮಗಳು ಕುಸುಮಾಲೆಯನ್ನು ಕೈಹಿಡಿದ, ಹಾಗಾಗಿ ಆತ ಇವರಿಗೆ ಭಾವ. ದೇವರನ್ನೇ ಭಾವ ಎಂದು ಸಲುಗೆಯಿಂದ ಕರೆಯುವವರನ್ನು ಅಂಜುಬುರುಕರೆಂದು ನಾನಂತೂ ಒಪ್ಪಲಾರೆ.

ಹೊರಗಿನವರ ಮುಂದೆ ಅವರು ಮಾತು ಕಡಿಮೆ ಮಾಡುವುದಕ್ಕೆ ಕಾರಣ ಬೇರೆ. 1974ರಲ್ಲಿ ಈ ಕಾಡು ಅಭಯಾರಣ್ಯವಾಯಿತು. ಬೇಟೆ, ಕಾಡಿನೊಳಗಿನ ಬೇಸಾಯ ನಿಂತವು, ಎಷ್ಟೋ ಪೋಡುಗಳು, ಅಂದರೆ ಸೋಲಿಗರ ಹಾಡಿಗಳು, ಜಾಗ ಬದಲಿಸಬೇಕಾಯಿತು. ಖಾಕಿ ಬಟ್ಟೆ ಕಂಡಾಗ ಬಾಯಿ ಮುಚ್ಚಿಕೊಂಡಿರುವುದನ್ನು ಅನುಭವವೇ ಕಲಿಸಿತು. ಅದು ಎಚ್ಚರ, ನಾಚಿಕೆಯೂ ಅಲ್ಲ, ಕಾಯಿಲೆಯೂ ಅಲ್ಲ. ಮಾತಾಡಬೇಕಾದಾಗ ಅದೇ ಜನ ಗ್ರಾಮಸಭೆಗಳಲ್ಲಿ ಮಾತಾಡಿ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಪಡೆದರು.

ಎಲ್ಲ ಮೌನಕ್ಕೂ ಜಾತಿ, ಊರು, ಸ್ವಭಾವದ ಹೆಸರು ಕೊಟ್ಟುಬಿಟ್ಟರೆ ನಿಜವಾಗಿ ಕಾಯಿಲೆ ಇರುವ ಮಗು ಕಣ್ಣಿಗೇ ಬೀಳುವುದಿಲ್ಲ. ಬೆಟ್ಟದಲ್ಲಾಗಲಿ, ಯಳಂದೂರಿನಲ್ಲಾಗಲಿ, ಹನೂರಿನಲ್ಲಾಗಲಿ ಸಾಮಾಜಿಕ ಆತಂಕದ ಕಾಯಿಲೆ ಯಾರಿಗಾದರೂ ಬರಬಹುದು. ನಾಚಿಕೆಯ ಹುಡುಗ ಹೊಸಬರ ಮುಂದೆ ಹತ್ತು ನಿಮಿಷ ತಡವರಿಸಿ ಆಮೇಲೆ ಹೊಂದಿಕೊಳ್ಳುತ್ತಾನೆ. ಕಾಯಿಲೆಯವನಿಗೆ ಆ ಹತ್ತು ನಿಮಿಷ ಮುಗಿಯುವುದೇ ಇಲ್ಲ. ‘ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ಈಗ ತಪ್ಪು ಮಾಡುತ್ತೇನೆ, ನಗುತ್ತಾರೆ’ ಎಂಬ ಭಯದಲ್ಲಿ ಎದೆ ಹೊಡೆದುಕೊಳ್ಳುತ್ತದೆ, ಬೆವರು ಕಿತ್ತುಬರುತ್ತದೆ. ಕಂಡಕ್ಟರಿಗೆ ‘ಸ್ಟಾಪ್ ಕೊಡಿ’ ಎನ್ನಲಾಗದೆ ಮುಂದಿನ ಊರಿನಲ್ಲಿ ಇಳಿದು ಹಿಂದಕ್ಕೆ ನಡೆಯುತ್ತಾನೆ. ಮದುವೆಮನೆಯ ಪಂಕ್ತಿಯಲ್ಲಿ ತುತ್ತು ಎತ್ತುವ ಕೈ ನಡುಗುವುದನ್ನು ಯಾರಾದರೂ ಕಂಡಾರೆಂದು ಉಣ್ಣದೆ ಬರುತ್ತಾನೆ. ರೇಷನ್ ಅಂಗಡಿಯಲ್ಲಿ ಅಕ್ಕಿ ಕಡಿಮೆ ತೂಗಿದರೂ ಕೇಳುವುದಿಲ್ಲ. ಮನೆಗೆ ಬಂದ ಮೇಲೆ, ಆಡಿದ ಎರಡು ಮಾತಿನ ಬಗ್ಗೆ ರಾತ್ರಿಯೆಲ್ಲ ತನ್ನನ್ನು ತಾನೇ ವಿಚಾರಣೆ ಮಾಡಿಕೊಳ್ಳುತ್ತಾನೆ. ಇಂಥದ್ದು ಆರು ತಿಂಗಳಿಗೂ ಮೀರಿ ನಡೆದು ಓದು, ಕೆಲಸ, ಸಂಬಂಧಗಳನ್ನು ಕೆಡಿಸುತ್ತಿದ್ದರೆ ವೈದ್ಯರು ಅದನ್ನು ಕಾಯಿಲೆ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಜಾಗ ಸಿಕ್ಕಿದ್ದೇ 1980ರಲ್ಲಿ.

ಸಾಮಾನ್ಯವಾಗಿ ಇದು ಶುರುವಾಗುವುದು ಹೈಸ್ಕೂಲಿನ ವಯಸ್ಸಿನಲ್ಲಿ. ಹುಡುಗಿಯಾದರೆ ಇನ್ನೂ ಕಷ್ಟ. ತಲೆ ಎತ್ತದ, ಎದುರಾಡದ ಹುಡುಗಿಯನ್ನು ‘ಸಾಧು ಕೂಸು’ ಎಂದು ಹೊಗಳುವ ಊರುಗಳು ನಮ್ಮವು.

ಇನ್ನು ಮಾಟದ ವಿಷಯ. ‘ಕೊಳ್ಳೇಗಾಲ’ ಎಂದರೆ ಸಾಕು, ರಾಜ್ಯದ ಇನ್ನೊಂದು ತುದಿಯವರಿಗೂ ನೆನಪಾಗುವುದು ಮಂತ್ರವಾದಿಗಳು. ಆ ಊರಿನ ರೇಷ್ಮೆಗೆ ಇಷ್ಟು ಪ್ರಚಾರ ಸಿಕ್ಕಿದ್ದರೆ ಚೆನ್ನಾಗಿತ್ತು. ಮಗ ಜನರ ಮುಂದೆ ಬರುತ್ತಿಲ್ಲವೆಂದು ಗಾಳಿ ಬಿಡಿಸಲು ಕರೆದೊಯ್ಯುವವರು ಈಗಲೂ ಇದ್ದಾರೆ. ಈ ಭಯದ ಬೇರು ಇರುವುದು ಹುಟ್ಟಿನಿಂದ ಬಂದ ಸೂಕ್ಷ್ಮ ಸ್ವಭಾವದಲ್ಲಿ, ಮನೆತನದಲ್ಲಿ ಹರಿದುಬರುವ ಗುಣದಲ್ಲಿ, ಬಾಲ್ಯದ ಅವಮಾನಗಳಲ್ಲಿ. ತಾಯಿತ ಕಟ್ಟಿದಾಗ ನಾಲ್ಕು ದಿನ ಧೈರ್ಯ ಬಂದಂತೆ ಅನ್ನಿಸಬಹುದು. ಆದರೆ ಹತ್ತು ಜನರ ನಡುವೆ ಕೂರಿಸಿ ತಲೆಗೂದಲು ಹಿಡಿದು ‘ಯಾರು ನೀನು, ಹೇಳು’ ಎಂದು ಗದರಿಸಿದರೆ, ಯಾವುದಕ್ಕೆ ಹೆದರುತ್ತಿದ್ದನೋ ಅದನ್ನೇ ಮಾಡಿದಂತಾಯಿತು.

ಮೇಷ್ಟ್ರುಗಳ ಮದ್ದೂ ಬಹಳ ಬೇರೆಯಲ್ಲ: ‘ಮೈಕ್ ಮುಂದೆ ನಿಲ್ಲಿಸಿ, ತಾನೇ ಸರಿಹೋಗುತ್ತಾನೆ.’ ಇದರಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಅಪಾಯ. ತಪ್ಪಿಸಿಕೊಂಡಷ್ಟೂ ಈ ಭಯ ಬೆಳೆಯುತ್ತದೆ ಎಂಬುದು ನಿಜ. ತಪ್ಪಿಸಿಕೊಂಡ ಕೂಡಲೇ ಹಾಯೆನಿಸುತ್ತದೆ, ಆ ಹಾಯನ್ನೇ ಮನಸ್ಸು ಪಾಠವಾಗಿ ಕಲಿಯುತ್ತದೆ. ಎದುರಿಸಲೇಬೇಕು, ಆದರೆ ಬೆಟ್ಟದ ಮೆಟ್ಟಿಲು ಹತ್ತಿದ ಹಾಗೆ. ಮೊದಲು ಅಂಗಡಿಯಲ್ಲಿ ಬೆಲೆ ಕೇಳುವುದು, ಆಮೇಲೆ ಕಂಡಕ್ಟರಿಗೆ ಸ್ಟಾಪ್ ಹೇಳುವುದು, ಅದು ರೂಢಿಯಾದ ಮೇಲೆ ತರಗತಿಯಲ್ಲಿ ಒಂದು ಪ್ರಶ್ನೆ. ಅವನಿಗೆ ಗೊತ್ತಿದ್ದು, ಅವನು ಒಪ್ಪಿ, ಪ್ರತಿ ಸಲವೂ ಭಯ ತಾನಾಗಿ ಇಳಿಯುವವರೆಗೆ ಅಲ್ಲೇ ನಿಲ್ಲಬೇಕು. ಕೈ ನಡುಗಿದರೂ ಯಾರೂ ಗಮನಿಸಲಿಲ್ಲ ಎಂಬುದನ್ನು ಅವನೇ ಕಂಡುಕೊಳ್ಳಬೇಕು. ಆಲೋಚನೆ ಮತ್ತು ನಡವಳಿಕೆಯನ್ನು ಒಟ್ಟಿಗೆ ತಿದ್ದುವ ಈ ಚಿಕಿತ್ಸೆಗೆ ಒಳ್ಳೆಯ ಪುರಾವೆ ಇದೆ. ಆಗಸ್ಟ್ ಹದಿನೈದರಂದು ಏಕಾಏಕಿ ವೇದಿಕೆಗೆ ನೂಕುವುದಕ್ಕೆ ಅಂಥ ಪುರಾವೆ ಇಲ್ಲ.

‘ಒಂದು ಗುಟುಕು ಹಾಕು, ಬಾಯಿ ಬರುತ್ತದೆ’ ಎನ್ನುವ ಗೆಳೆಯರಂತೂ ಎಲ್ಲ ಊರಲ್ಲೂ ಇದ್ದಾರೆ. ಈ ಕಾಯಿಲೆಯವರು ಕುಡಿತಕ್ಕೆ ಅಂಟಿಕೊಳ್ಳುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು.

ಮಾತ್ರೆ ನುಂಗಿದರೆ ಸಾಯುವವರೆಗೂ ನುಂಗಬೇಕೆಂಬ ಹೆದರಿಕೆ ಇನ್ನೊಂದು. ಈ ಕಾಯಿಲೆಗೆ ಮುಖ್ಯವಾಗಿ ಕೊಡುವ ಔಷಧಗಳು ಚಟ ಹಿಡಿಸುವಂಥವಲ್ಲ. ಅವು ಕೆಲಸ ಮಾಡಲು ಕೆಲವು ವಾರ ಬೇಕು, ನಿಲ್ಲಿಸುವಾಗ ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ನಿದ್ದೆಮಾತ್ರೆಗಳ ಕಥೆ ಬೇರೆ, ಅವು ಚಟವಾಗಬಲ್ಲವು.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಆತಂಕ, ಖಿನ್ನತೆಯಂಥ ಸಾಮಾನ್ಯ ಮನೋಕಾಯಿಲೆ ಇರುವವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ಸಿಕ್ಕಿರುವುದಿಲ್ಲ. ಬೆಟ್ಟದಿಂದ ಇಳಿದು ಆಸ್ಪತ್ರೆಯ ಸಾಲಿನಲ್ಲಿ ನಿಂತು, ಅಪರಿಚಿತರೆದುರು ಬಾಯಿ ಬಿಡಬೇಕೆಂಬುದೇ ಈ ಕಾಯಿಲೆಯವರಿಗೆ ದೊಡ್ಡ ಅಡ್ಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಫೋನ್ ಎತ್ತಲೂ ಅವರು ಹೆದರಿದರೆ ಮೊದಲ ಕರೆಯನ್ನು ಅಕ್ಕನೋ ಅಣ್ಣನೋ ಮಾಡಿ, ಏನು ಕೇಳುತ್ತಾರೆಂದು ತಿಳಿದುಕೊಂಡು ಹೇಳಬಹುದು. ಎರಡನೆಯದನ್ನು ಅವರೇ ಮಾಡಲಿ, ನೀವು ಪಕ್ಕದಲ್ಲಿ ಕೂತಿರಿ.