ಹುಮನಾಬಾದಿನ ಹಿತ್ತಲಲ್ಲಿ ಕೇಸರಿಯ ಬಂಧು

ಮದುವೆ ಮಂಟಪದಲ್ಲಿ, ಸನ್ಮಾನದ ಹೂಗುಚ್ಛದಲ್ಲಿ ಎಷ್ಟೋ ಸಲ ಕಂಡ ಹೂವು ಗ್ಲಾಡಿಯೋಲಸ್. ಅದರಲ್ಲೇನು ವಿಶೇಷ ಎನ್ನುತ್ತೀರಾ? ಒಂದು ಹೂವನ್ನು ಬಿಡಿಸಿ ನೋಡಿ! ಮೇಲಿನ ಎಸಳಿನಡಿ ಬಾಗಿ ನಿಂತ ಕೇಸರಗಳು ಮೂರೇ ಮೂರು. ಲಿಲ್ಲಿಯಲ್ಲಾದರೆ ಆರು. ಈ ಮೂರು ಐರಿಸ್ ಕುಟುಂಬದ ಗುರುತು. ನಡುವಿನ ಎಳೆಯ ತುದಿಯಲ್ಲಿ ಮತ್ತೆ ಮೂರು ಕವಲು. ಕಾಶ್ಮೀರದ ಪಾಂಪೋರಿನಲ್ಲಿ ಕೇಸರಿ ಎಂದು ಬಿಡಿಸುವುದು ಇಂಥ ಮೂರು ಕವಲನ್ನೇ! ಕೇಸರಿಯೂ ಇದೇ ಮನೆತನದ್ದು.

ಹಿಮದ ನಾಡಿನ ಐರಿಸ್‌ಗಳಿಗೆ ವಾರಗಟ್ಟಲೆ ಕೊರೆಯುವ ಥಂಡಿ ಬೇಕು; ಹುಮನಾಬಾದಿನಲ್ಲಿ ಅಷ್ಟು ಸಿಗದು. ಗ್ಲಾಡಿಯೋಲಸ್‌ಗೆ ಮಾತ್ರ ನಮ್ಮ ಬೀದರ್ ಸೀಮೆಯ ಡಿಸೆಂಬರ್ ಹೇಳಿ ಮಾಡಿಸಿದಂತಿದೆ. ಎರೆಮಣ್ಣಿಗೆ ಮರಳು, ಗೊಬ್ಬರ ಬೆರೆಸಿ, ನೀರು ನಿಲ್ಲದಂತೆ ನೋಡಿಕೊಂಡು, ದೀಪಾವಳಿ ಹೊತ್ತಿಗೆ 8–10 ಸೆಂ.ಮೀ. ಆಳಕ್ಕೆ ಗಡ್ಡಿ ಊರಿದರೆ ಸಾಕು. 70–90 ದಿನದಲ್ಲಿ, ವೀರಭದ್ರೇಶ್ವರ ಜಾತ್ರೆಯ ಆಸುಪಾಸಿನಲ್ಲೇ ಹೂವು! ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೆಳೆಸಿದ ಆರತಿ, ಪೂನಂ, ಸಪ್ನಾದಂಥ ತಳಿಗಳೂ ಇವೆ. ಕೆಳಗಿನ ಮೊಗ್ಗು ಬಣ್ಣ ತೋರಿದಾಗಲೇ ದಂಟು ಕೊಯ್ಯಿರಿ, ನಾಲ್ಕು ಎಲೆ ಗಿಡದಲ್ಲೇ ಇರಲಿ. ಕೊಯ್ದದ್ದನ್ನು ಅಡ್ಡ ಮಲಗಿಸಿಟ್ಟರೆ ಬೆಳಗಾಗುವುದರೊಳಗೆ ತುದಿ ತಾನೇ ಮೇಲಕ್ಕೆದ್ದಿರುತ್ತದೆ!

ನಿಜವಾದ ಸೋಜಿಗ ಇರುವುದು ಮಣ್ಣಿನೊಳಗೆ. ಹೂವು ಮುಗಿದು ಆರೆಂಟು ವಾರಕ್ಕೆ ಎಲೆ ಹಳದಿಯಾದಾಗ ಅಗೆದು ನೋಡಿ. ಊರಿದ್ದ ಗಡ್ಡಿ ಒಣಗಿ ಸುಕ್ಕಾಗಿ ಅಡಿಗೆ ಅಂಟಿಕೊಂಡಿದೆ, ಅದರ ನೆತ್ತಿಯ ಮೇಲೆ ಹೊಚ್ಚ ಹೊಸ ಗಡ್ಡಿ ಕೂತಿದೆ! ಹೀಗೆ ವರ್ಷಕ್ಕೊಂದು ಮೆಟ್ಟಿಲು ಏರುತ್ತ ಹೋದರೆ ಗಡ್ಡಿ ಒಂದು ದಿನ ಮಣ್ಣಿನಿಂದ ಹೊರಬೀಳಬೇಕಲ್ಲ? ಬೀಳದು. ಹೊಸ ಗಡ್ಡಿಯ ಬುಡದಲ್ಲಿ ದಪ್ಪನೆಯ ಬಿಳಿ ಬೇರುಗಳಿವೆ, ಮೈತುಂಬ ಉಂಗುರದಂಥ ಸುಕ್ಕು. ಆ ಬೇರುಗಳು ಕುಗ್ಗುತ್ತ ಕುಗ್ಗುತ್ತ ಗಡ್ಡಿಯನ್ನು ಕೆಳಕ್ಕೆ ಎಳೆದುಕೊಳ್ಳುತ್ತವೆ! ಗಿಡ ತನ್ನ ಆಳವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ!

ಸುತ್ತಲೂ ಕಾಳಿನ ಗಾತ್ರದ ಮರಿಗಡ್ಡಿಗಳು ಬೇರೆ. ಬಿಡಿಸಿ ಬೇರೆ ಕುಂಡಕ್ಕೆ ಹಾಕಿ, ಎರಡು ಮೂರು ಚಳಿಗಾಲದಲ್ಲಿ ಅವೂ ಹೂ ಬಿಡುತ್ತವೆ. ದೊಡ್ಡವನ್ನು ನೆರಳಲ್ಲಿ ಒಣಗಿಸಿ, ನಮ್ಮ ಬಿಸಿಲಿನ ಕೈಗೆ ಸಿಗದಂತೆ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿಡಿ. ನೋಡಲು ಚಪ್ಪಟೆ ಉಳ್ಳಾಗಡ್ಡಿಯಂತಿರುವುದರಿಂದ ಚೀಟಿ ಬರೆದಿಡುವುದು ಮರೆಯಬೇಡಿ; ಇಲ್ಲದಿದ್ದರೆ ಮುಂದಿನ ಜಾತ್ರೆಯ ಹೂವು ಪಲ್ಯದ ಬುಟ್ಟಿಗೆ ಬಿದ್ದೀತು!