ಎಲ್ಲರೂ ದುರ್ಯೋಧನನಾದರೆ ನಕುಲ ಯಾರು?

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆ ಇರಲಿ, ಆಚೆ ತಿಪಟೂರು, ತುರುವೇಕೆರೆ ಸೀಮೆಯ ಇನ್ನಾವುದೇ ಊರಿರಲಿ, ‘ಈ ಸಲ ಕುರುಕ್ಷೇತ್ರ ಆಡೋಣ’ ಎಂದು ಮಾತಾದ ಸಂಜೆಯೇ ಮೊದಲ ಯುದ್ಧ ಶುರುವಾಗುತ್ತದೆ. ಅದು ಕೌರವ ಪಾಂಡವರ ಯುದ್ಧವಲ್ಲ, ಪಾತ್ರ ಹಂಚುವ ಯುದ್ಧ. ನಮ್ಮ ಹಳ್ಳಿಯ ಪೌರಾಣಿಕ ನಾಟಕಗಳಲ್ಲಿ ಪಾತ್ರಧಾರಿಗೆ ಯಾರೂ ದುಡ್ಡು ಕೊಡುವುದಿಲ್ಲ; ಪಾತ್ರಧಾರಿಯೇ ದುಡ್ಡು ಕಟ್ಟುತ್ತಾನೆ. ಸೀನರಿ, ಲೈಟು, ಮೈಕು, ಹಾರ್ಮೋನಿಯಂ ಮೇಷ್ಟ್ರ ಸಂಬಳ, ಹೊರಗಿನಿಂದ ಬರುವ ಸ್ತ್ರೀ ಪಾತ್ರಧಾರಿಗಳ ಖರ್ಚು ಎಲ್ಲವೂ ಅದರಲ್ಲೇ ಆಗಬೇಕು. ಹಾಗಾಗಿ ದುರ್ಯೋಧನ, ಕೃಷ್ಣ, ಕರ್ಣ ದುಬಾರಿ. ನಕುಲ, ಸಹದೇವ ಅಗ್ಗ. ಅಗ್ಗವಾದರೂ ಅವರನ್ನು ಕೇಳುವವರು ಕಡಿಮೆ.

ದುರ್ಯೋಧನನಿಗೆ ಇಬ್ಬರು ಪಟ್ಟು ಹಿಡಿದರೆ? ಅದಕ್ಕೂ ಊರಿನವರು ಉಪಾಯ ಕಂಡುಕೊಂಡಿದ್ದಾರೆ. ಕರಪತ್ರದಲ್ಲಿ ‘ಒಂದನೇ ದುರ್ಯೋಧನ’, ‘ಎರಡನೇ ದುರ್ಯೋಧನ’ ಎಂದು ಅಚ್ಚಾಗುತ್ತದೆ. ಹೇಗೂ ನಾಟಕ ಬೆಳಗಿನವರೆಗೆ ನಡೆಯುವಂಥದು. ಅರ್ಧ ರಾತ್ರಿ ಒಬ್ಬ, ಉಳಿದರ್ಧ ಇನ್ನೊಬ್ಬ. ಮಧ್ಯರಾತ್ರಿಯ ಹೊತ್ತಿಗೆ ಕೃಷ್ಣ ಅರ್ಧ ಅಡಿ ಗಿಡ್ಡವಾದರೂ ಪ್ರೇಕ್ಷಕರಲ್ಲಿ ಯಾರೂ ಆಕ್ಷೇಪಣೆ ಎತ್ತಿದ್ದಿಲ್ಲ.

ಇದೇ ತಕರಾರು ರಂಗಸ್ಥಳವೇ ಇಲ್ಲದ ಒಂದು ಆಟದಲ್ಲೂ ಇದೆ. ಇಂಗ್ಲಿಷಿನಲ್ಲಿ ಅದನ್ನು ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ನಾವು ಪಾತ್ರದಾಟ ಎನ್ನೋಣ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಲ್ಲಿ ಇದನ್ನು ಪ್ರಕಟಿಸಿದರು. ಬೆಂಗಳೂರಿನಂಥ ಊರುಗಳಲ್ಲಿ ಇದನ್ನು ಆಡುವ ಗುಂಪುಗಳಿವೆ. ಓದಲು ಹೋದ ಮಕ್ಕಳು ರಜೆಗೆ ಬರುವಾಗ ಇದನ್ನೂ ಊರಿಗೆ ತಂದರೆ ತಂದೆತಾಯಿಗಳು ಗಾಬರಿಯಾಗಬೇಕಿಲ್ಲ. ನಾಲ್ಕೈದು ಜನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ನಡೆಸುವವರು, ನಮ್ಮ ಮೂಡಲಪಾಯದ ಭಾಗವತರ ಹಾಗೆ. ಉಳಿದವರದು ಒಂದೊಂದು ಪಾತ್ರ. ‘ಕೆರೆ ಏರಿಯ ಮೇಲೆ ಕತ್ತಲಲ್ಲಿ ಯಾರೋ ಲಾಟೀನು ಹಿಡಿದು ನಿಂತಿದ್ದಾರೆ, ಏನು ಮಾಡ್ತೀರಿ?’ ಎಂದು ಭಾಗವತರು ಕೇಳುತ್ತಾರೆ. ಒಬ್ಬ ಮಾತಾಡಿಸುತ್ತೇನೆ ಎನ್ನುತ್ತಾನೆ, ಇನ್ನೊಬ್ಬಳು ಏರಿಯ ಕೆಳಗಿನಿಂದ ಸುತ್ತಿ ಬರುತ್ತೇನೆ ಎನ್ನುತ್ತಾಳೆ. ಆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಆಡುವವರಲ್ಲಿ ಗೆದ್ದವನು, ಸೋತವನು ಎಂಬುದಿಲ್ಲ. ಗೆದ್ದರೆ ಗುಂಪು ಗೆಲ್ಲಬೇಕು.

ಗುಂಪು ಗೆಲ್ಲಬೇಕಾದರೆ ಬೇರೆ ಬೇರೆ ಕೆಲಸ ಬಲ್ಲವರು ಅದರಲ್ಲಿರಬೇಕು. ಮೊದಲ ವರ್ಷ ಇದ್ದದ್ದು ಮೂರೇ ಬಗೆಯ ಪಾತ್ರ: ಕಾದಾಡುವವನು, ಮಂತ್ರವಾದಿ, ಮತ್ತು ಗಾಯ ವಾಸಿಮಾಡುವ ಪುರೋಹಿತ. 1975ರಲ್ಲಿ ಕಳ್ಳನೂ ಸೇರಿದ. 2008ರ ಆವೃತ್ತಿಯಲ್ಲಂತೂ ಏಟು ತಡೆಯುವವನು, ಏಟು ಕೊಡುವವನು, ಜೊತೆಯವರನ್ನು ನಡೆಸಿ ಕಾಪಾಡುವವನು, ರಣರಂಗವನ್ನು ಹತೋಟಿಯಲ್ಲಿಡುವವನು ಎಂದು ನಾಲ್ಕು ಕೆಲಸಗಳನ್ನು ಹೆಸರಿಟ್ಟೇ ವಿಂಗಡಿಸಿದರು. ಲೆಕ್ಕ ಚೊಕ್ಕವಾಗಿದೆ. ಆದರೆ ಮಕ್ಕಳು ಲೆಕ್ಕವಲ್ಲ.

ಆಗುವುದು ಹೀಗೆ. ದೊಡ್ಡವರಿಬ್ಬರು ಕತ್ತಿ ಹಿಡಿಯುತ್ತಾರೆ, ಮೂರನೆಯವಳು ಮಂತ್ರ ಹಿಡಿಯುತ್ತಾಳೆ. ಕೊನೆಗೆ ಬಂದ ಚಿಕ್ಕಪ್ಪನ ಮಗನಿಗೆ ‘ಲೋ, ವೈದ್ಯ ಯಾರೂ ಇಲ್ಲ, ನೀನೇ ಆಗೋ’ ಎನ್ನುತ್ತಾರೆ. ಅವನು ತಲೆಯಾಡಿಸುತ್ತಾನೆ. ಎರಡು ಸಂಜೆ ಉಳಿದವರ ಗಾಯ ಕಟ್ಟಿಕೊಂಡು ಕೂರುತ್ತಾನೆ. ಮೂರನೆಯ ಸಂಜೆ ‘ಅಮ್ಮ ಕರೀತಿದಾಳೆ’ ಎಂದು ಎದ್ದು ಹೋಗುತ್ತಾನೆ. ಅಮ್ಮ ಕರೆದಿರುವುದಿಲ್ಲ. ಕ್ರಿಕೆಟ್ಟಿನಲ್ಲಿ ಸದಾ ಬೌಂಡರಿಯಾಚೆ ಚೆಂಡು ಹೆಕ್ಕಲು ನಿಲ್ಲಿಸುವ ಹುಡುಗನೂ ಇವನೇ ಇರುತ್ತಾನೆ. ಈ ಆಟ ಮಾಡಿದವರಿಗೂ ಆ ಹುಡುಗನ ಸಂಕಟ ತಟ್ಟಿರಬೇಕು: 2000ದ ಆವೃತ್ತಿಯಲ್ಲಿ ಪುರೋಹಿತ ತಾನು ಸಿದ್ಧಪಡಿಸಿಕೊಂಡ ಬೇರೆ ಮಂತ್ರವನ್ನು ಬೇಕೆಂದಾಗ ಗಾಯ ಮಾಯಿಸುವ ಮಂತ್ರವಾಗಿ ಬದಲಿಸಿಕೊಳ್ಳಬಹುದು ಎಂದು ನಿಯಮ ತಂದರು. ಬರೀ ಮುಲಾಮು ಹೊತ್ತು ತಿರುಗುವ ಕಾಟ ತಪ್ಪಿತು.

ನಿಯಮಕ್ಕಿಂತ ಒಳ್ಳೆಯ ದಾರಿ ನಮ್ಮ ಜಿಲ್ಲೆಯಲ್ಲೇ ಇದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಕುರುಕ್ಷೇತ್ರ ಆಡಿದ ಕಂಪನಿ. ಅದರ ಯಜಮಾನ ಗುಬ್ಬಿ ವೀರಣ್ಣನವರು ಬೇಕೆಂದ ಪಾತ್ರ ತೆಗೆದುಕೊಳ್ಳಬಹುದಿತ್ತು, ತಡೆಯುವವರು ಯಾರು? ಆದರೆ ‘ಸದಾರಮೆ’ಯಲ್ಲಿ ಜನ ಮರೆಯದೆ ನೆನೆದದ್ದು ಅವರ ಕಳ್ಳನ ಪಾತ್ರವನ್ನು. ಕಳ್ಳ ಚಿಕ್ಕ ಪಾತ್ರವೇ. ಅದನ್ನು ದೊಡ್ಡದು ಮಾಡಿದ್ದು ಅವರು ಅದರೊಳಗೆ ಇಟ್ಟ ಮನುಷ್ಯ.

ವಿರಾಟನ ಮನೆಯ ಆರು ಬಾಗಿಲು

ಪಾತ್ರ ಹಂಚಿಕೊಳ್ಳುವುದು ಹೇಗೆಂದು ಕಲಿಯಬೇಕಾದರೆ ಕುರುಕ್ಷೇತ್ರಕ್ಕಿಂತ ಅದರ ಹಿಂದಿನ ವಿರಾಟಪರ್ವ ಮೇಲು. (ಮಳೆ ಹೋದಾಗ ಇದನ್ನು ಓದಿಸುವ ರೂಢಿ ನಮ್ಮಲ್ಲಿದೆ, ರಜೆಯ ಸಂಜೆಗೂ ಒದಗುತ್ತದೆ.) ಅಜ್ಞಾತವಾಸದ ಒಂದು ವರ್ಷ ಕಳೆಯಬೇಕು. ಧರ್ಮರಾಯ ಯಾರಿಗೂ ಕೆಲಸ ಹಂಚುವುದಿಲ್ಲ. ನೀನು ಏನಾಗಿರುತ್ತೀಯ ಎಂದು ಕೇಳುತ್ತಾನೆ. ಒಬ್ಬೊಬ್ಬರೂ ತಮ್ಮೊಳಗೆ ಮೊದಲೇ ಇದ್ದದ್ದನ್ನು ಹೊರತೆಗೆಯುತ್ತಾರೆ. ಜೂಜಿನಲ್ಲಿ ರಾಜ್ಯ ಕಳೆದವನು ರಾಜನ ಜೊತೆ ಪಗಡೆಯಾಡುವ ಕಂಕಭಟ್ಟ. ತಿನ್ನುವುದರಲ್ಲಿ ಹೆಸರಾದ ಭೀಮ ಅಡುಗೆಯ ವಲಲ. ಇಂದ್ರಲೋಕದಲ್ಲಿ ಕುಣಿತ ಕಲಿತು ಊರ್ವಶಿಯ ಶಾಪ ಹೊತ್ತ ಅರ್ಜುನ ಬೃಹನ್ನಳೆ. ದ್ರೌಪದಿ ರಾಣಿಯ ತಲೆ ಬಾಚುವ ಸೈರಂಧ್ರಿ. ನಕುಲನಿಗೆ ಕುದುರೆ, ಸಹದೇವನಿಗೆ ದನ.

ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಆರು ಜನವೂ ಅರಮನೆಯ ಆರು ಬೇರೆ ಕಡೆ ಸೇರಿಕೊಂಡರು: ರಾಜನ ಸಭೆ, ಅಡುಗೆಮನೆ, ನಾಟ್ಯಶಾಲೆ, ರಾಣಿವಾಸ, ಲಾಯ, ಕೊಟ್ಟಿಗೆ. ಸುದ್ದಿ ಯಾವ ಬಾಗಿಲಿನಿಂದ ಬಂದರೂ ಒಬ್ಬರ ಕಿವಿಗೆ ಬೀಳುತ್ತದೆ. ಕೀಚಕನ ಕಾಟ ಬಂದದ್ದು ರಾಣಿವಾಸದಲ್ಲಿ, ಅದಕ್ಕೆ ಪರಿಹಾರ ಬಂದದ್ದು ಅಡುಗೆಮನೆಯಿಂದ, ಕೆಲಸ ಮುಗಿದದ್ದು ಬೃಹನ್ನಳೆ ಪಾಠ ಹೇಳುವ ನಾಟ್ಯಶಾಲೆಯಲ್ಲಿ. ಎಲ್ಲರೂ ಕತ್ತಿ ಬಲ್ಲವರೇ, ಆದರೂ ಒಬ್ಬರ ಕೆಲಸ ಇನ್ನೊಬ್ಬರಿಗೆ ಅಡ್ಡ ಬರಲಿಲ್ಲ. ಕೆಲಸಕ್ಕೆ ತಕ್ಕ ಮನುಷ್ಯನನ್ನು ಹುಡುಕದೆ, ಮೊದಲು ಮನುಷ್ಯ, ಆಮೇಲೆ ಅವನು ತೆರೆಯುವ ಬಾಗಿಲು ಎಂದು ಹೊರಟರೆ ಪಾತ್ರದಾಟದ ಹಂಚಿಕೆ ಸಲೀಸಾಗುತ್ತದೆ.

ಕೊಬ್ಬರಿ ಗಾಡಿ ತಿಪಟೂರು ಮುಟ್ಟಬೇಕು

ಒಂದು ಕಥೆ ಇಟ್ಟುಕೊಳ್ಳೋಣ. ಅಜ್ಜಂದಿರ ಕಾಲ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿ, ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನುವ ಕೊಬ್ಬರಿಯನ್ನು ಕಂದಿಕೆರೆಯಿಂದ ಎತ್ತಿನ ಗಾಡಿಯಲ್ಲಿ ತಿಪಟೂರು ಮಂಡಿಗೆ ಮುಟ್ಟಿಸಬೇಕು. ದಾರಿಯಲ್ಲಿ ಕಳ್ಳರ ಭಯ. ನಾಲ್ಕು ಮಕ್ಕಳು. ನಾಲ್ವರೂ ‘ನಾನು ಪೈಲ್ವಾನ್’ ಎನ್ನುತ್ತಾರೆ!

ಬೇಡ ಎನ್ನಬೇಡಿ. ನಾಲ್ವರೂ ಪೈಲ್ವಾನರೇ ಆಗಲಿ. ಒಬ್ಬ ಗರಡಿ ಬಿಟ್ಟು ಮಂಡಿಯಲ್ಲಿ ಮೂಟೆ ಹೊರುವವನು. ತಿಪಟೂರಿನ ವ್ಯಾಪಾರಿಗಳ ಗುಟ್ಟೆಲ್ಲ ಅವನಿಗೆ ಗೊತ್ತು. ಇನ್ನೊಬ್ಬ ಗರಡಿಯ ಉಸ್ತಾದ. ಕುಸ್ತಿ ಕಲಿಸುವವರಲ್ಲಿ ಉಳುಕು ತೆಗೆಯುವ, ಮೂಳೆ ಕೂಡಿಸುವ ವಿದ್ಯೆ ಇರುತ್ತದಲ್ಲ, ವೈದ್ಯ ಸಿಕ್ಕಿದ. ಮೂರನೆಯವಳು ಅಣ್ಣಂದಿರ ಕಣ್ಣು ತಪ್ಪಿಸಿ ಪಟ್ಟು ಕಲಿತವಳು, ಸದ್ದಿಲ್ಲದೆ ತೆಂಗಿನ ಮರ ಹತ್ತಿ ಅರ್ಧ ಮೈಲಿ ದೂರದ ಧೂಳು ನೋಡಿ ಹೇಳಬಲ್ಲಳು. ನಾಲ್ಕನೆಯವನಿಗೆ ಎತ್ತುಗಳೇ ಜೀವ. ಯಾರ ಆಸೆಯನ್ನೂ ಮುರಿಯಲಿಲ್ಲ, ಗುಂಪೂ ತುಂಬಿತು. ‘ವೈದ್ಯ ಆಗೋ’ ಎಂದಾಗ ಮುಖ ಸಣ್ಣ ಮಾಡಿಕೊಂಡಿದ್ದ ಹುಡುಗ ‘ಉಸ್ತಾದ ಆಗ್ತೀಯಾ?’ ಎಂದರೆ ಮೀಸೆ ತಿರುವುತ್ತಾನೆ.

ಅಷ್ಟಾದರೂ ಗಾಯ ಕಟ್ಟಲು ಯಾರೂ ಒಪ್ಪಲಿಲ್ಲ ಅನ್ನಿ. ಆಗ ಬಗ್ಗಬೇಕಾದ್ದು ಮಗುವಲ್ಲ, ಕಥೆ. ಚಿಕ್ಕನಾಯಕನಹಳ್ಳಿ ದಾಟಿದ ಮೇಲೆ ಸೊಪ್ಪು ಸೊದೆ ಬಲ್ಲ ಒಬ್ಬ ಅಜ್ಜಿಯ ಮನೆ ಇಟ್ಟರಾಯಿತು.

ಅಡ್ಡಗಾಲು ಹಾಕುವ ಪಾತ್ರಗಳೂ ಉಂಟು. ‘ನಾನು ಯಾರನ್ನೂ ನಂಬುವುದಿಲ್ಲ, ಒಂಟಿ’ ಎನ್ನುವ ಶೂರ, ಜೊತೆಯವರ ಬುತ್ತಿಯನ್ನೇ ಕದಿಯುವ ಕಳ್ಳ. ಹದಿನೈದರ ವಯಸ್ಸಿನವರಿಗೆ ಇವು ಬಹಳ ಇಷ್ಟ. ನನಗೆ ಇಷ್ಟವಿಲ್ಲ, ಮೊದಲ ದಿನ ಚೆಂದ, ಎರಡನೆಯ ದಿನ ಜಗಳ. ಆಟ ಶುರುವಾಗುವ ಮುಂಚೆ ಪ್ರತಿಯೊಬ್ಬರೂ ‘ನಾನು ಈ ಗಾಡಿಯ ಜೊತೆ ಹೊರಟದ್ದು ಯಾಕೆ?’ ಎಂಬುದಕ್ಕೆ ಒಂದು ಸಾಲಿನ ಉತ್ತರ ಬರೆಯಲಿ. ಒಂಟಿ ಶೂರನಿಗೆ ಮಂಡಿಯಲ್ಲಿ ತೀರಿಸಬೇಕಾದ ಅಪ್ಪನ ಸಾಲವಿದ್ದರೆ ಸಾಕು, ಗೊಣಗುತ್ತಲೇ ಜೊತೆಯಲ್ಲಿ ನಡೆಯುತ್ತಾನೆ.

ಖರ್ಚಿನ ವಿಷಯ ಕೇಳುವ ತಂದೆತಾಯಿಗಳಿಗೆ: ಇಪ್ಪತ್ತು ಮುಖದ ದಾಳ, ಬಣ್ಣದ ಪುಸ್ತಕ ಇಲ್ಲದೆಯೂ ಆಡಬಹುದು. ಚೌಕಾಬಾರಕ್ಕೆ ಒಂದು ಮಗ್ಗುಲು ತೇಯ್ದ ನಾಲ್ಕು ಹುಣಸೆಬೀಜ, ಹಳೆಯ ನೋಟ್ ಬುಕ್ಕಿನ ಉಳಿದ ಹಾಳೆ ಸಾಕು. ಬೀಜ ಎರಡೂ ಮಗ್ಗುಲಿಗೆ ಸಮಸಮ ಬೀಳುವುದಾದರೆ ನಾಲ್ಕೂ ಬಿಳಿ ಬರುವುದು ಹದಿನಾರರಲ್ಲಿ ಒಂದು ಸಲ, ಎರಡು ಬಿಳಿ ಬರುವುದು ಆರು ಸಲ. ಕಷ್ಟದ ಕೆಲಸಕ್ಕೆ ಎಷ್ಟು ಬಿಳಿ ಬೇಕು ಎಂದು ಮಕ್ಕಳೇ ಲೆಕ್ಕ ಹಾಕಲಿ, ಗಣಿತದ ಮೇಷ್ಟ್ರಿಗೂ ಸಂತೋಷವಾದೀತು. ಆಟ ಮುಗಿದ ಮೇಲೆ ಯಾರು ಗೆದ್ದರು ಎಂದು ಕೇಳಬೇಡಿ, ನಿನ್ನ ಪಾತ್ರ ಇವತ್ತು ಏನು ಮಾಡಿತು ಎಂದು ಕೇಳಿ. ‘ಏನೂ ಇಲ್ಲ’ ಎಂಬ ಉತ್ತರ ಎರಡು ದಿನ ಬಂದರೆ ಹಂಚಿಕೆಯಲ್ಲಿ ಎಲ್ಲೋ ತಪ್ಪಿದೆ ಎಂದೇ ಲೆಕ್ಕ.

ಕಥೆ ನಡೆಸುವವರ ಮಾತು ಹೇಳದೆ ಬಿಟ್ಟೆ. ಸಾಮಾನ್ಯವಾಗಿ ಅದು ಎಲ್ಲರಿಗಿಂತ ದೊಡ್ಡ ಅಕ್ಕನ ಪಾಲಿಗೆ ಬರುತ್ತದೆ, ಬಂದದ್ದು ಅಲ್ಲೇ ಉಳಿಯುತ್ತದೆ. ಹಾರ್ಮೋನಿಯಂ ಮೇಷ್ಟ್ರಿಗಾದರೆ ಸಂಬಳ ಉಂಟು, ಅವಳಿಗೆ ಅದೂ ಇಲ್ಲ. ಗಾಡಿ ತಿಪಟೂರು ಮುಟ್ಟಿದ ಮೇಲೆ ಮುಂದಿನ ಕಥೆಯನ್ನು ಉಸ್ತಾದನೇ ನಡೆಸಲಿ. ಅಕ್ಕನಿಗೂ ಒಂದು ಸಲ ಪೈಲ್ವಾನಳಾಗುವ ಆಸೆ ಇರಬಹುದಲ್ಲ.